ಬಾಡಿ ಬದಲಾಯಿಸ್ಬೇಕಾ, ಲೆನ್ಸಾ? ಹಾಳಾದ ಫೋಟೋಗಳನ್ನೇ ಕೇಳಿ ನೋಡಿ

ಕ್ಯಾಮೆರಾ ತಗೊಂಡು ಎರಡು ಮೂರು ವರ್ಷ ಆಗಿರುತ್ತೆ, ಕೈ ಕುದುರಿರುತ್ತೆ, ಮ್ಯಾನುಯಲ್ ಮೋಡಲ್ಲಿ ತೆಗೆಯೋಕೂ ಬಂದಿರುತ್ತೆ, ಆದ್ರೂ ತೆಗೆದ ಫೋಟೋ ನೋಡ್ದಾಗ ಏನೋ ಕಮ್ಮಿ ಇದೆ ಅನ್ಸೋಕೆ ಶುರು ಆಗುತ್ತೆ. ಆಗ ತಲೆಗೆ ಬರೋ ಪ್ರಶ್ನೆ ಇದು, ಕೂಡಿಟ್ಟ ದುಡ್ಡಲ್ಲಿ ಹೊಸ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ತಗೊಳ್ಳೋದಾ ಇಲ್ಲ ಒಳ್ಳೆ ಲೆನ್ಸ್ ತಗೊಳ್ಳೋದಾ. ಯಾರನ್ನ ಕೇಳಿದ್ರೂ ಥಟ್ ಅಂತ "ಲೆನ್ಸ್ ಮೊದ್ಲು, ಬಾಡಿ ಆಮೇಲೆ" ಅಂತಾರೆ. ಬಹಳ ಸಲ ಅದು ಸರೀನೇ. ಆದ್ರೆ ಯಾಕೆ ಸರಿ, ಯಾವಾಗ ಸರಿಯಲ್ಲ ಅಂತ ಗೊತ್ತಿಲ್ದೆ ಆ ಮಾತನ್ನೇ ನಂಬಿ ದುಡ್ಡು ಹಾಕಿದ್ರೆ ಲೆನ್ಸ್ ಕೈಗೆ ಬಂದ್ಮೇಲೂ ಅದೇ ಕೊರತೆ ಹಾಗೇ ಉಳ್ಕೊಂಡಿರುತ್ತೆ.

ನಾನು ಮೊದ್ಲು ಬಾಡಿ ಬದಲಾಯಿಸಿದ್ದೆ. ಹಳೇದಕ್ಕಿಂತ ಎರಡು ತಲೆಮಾರು ಹೊಸ ಮಾಡೆಲ್ಲು, ಮೆಗಾಪಿಕ್ಸೆಲ್ ಜಾಸ್ತಿ, ಸ್ಕ್ರೀನ್ ಚೆನ್ನಾಗಿತ್ತು, ಮುಂದೆ ಹಾಕಿದ್ದು ಮಾತ್ರ ಅದೇ 18-55 ಕಿಟ್ ಲೆನ್ಸು, ಅಂದ್ರೆ ಮೊದ್ಲು ಕ್ಯಾಮೆರಾ ಜೊತೆಗೇ ಬಂದಿದ್ದು. ಸಂಜೆ ಹೊತ್ತು ಮನೆ ಒಳಗೆ ಮಕ್ಕಳ ಫೋಟೋ ತೆಗೆದ್ರೆ ಅದೇ ಮಸುಕು, ಅದೇ ನಾಯ್ಸು (ಮರಳು ಎರಚಿದ ಹಾಗೆ ಕಾಣೋ ಚುಕ್ಕೆಗಳು). ಆರೇಳು ತಿಂಗಳು ಆದ್ಮೇಲೆ ಒಂದು 50 ಎಂಎಂ ಎಫ್/1.8 ಲೆನ್ಸ್ (ಕಿಟ್ ಲೆನ್ಸಿಗಿಂತ ಜಾಸ್ತಿ ಬೆಳಕು ಒಳಗೆ ಬಿಡೋದು) ಹಾಕಿ ಅದೇ ಸೋಫಾ, ಅದೇ ಲೈಟಲ್ಲಿ ತೆಗೆದಾಗ ಬಂದ ಫೋಟೋ ನೋಡಿ, ಇಷ್ಟು ದಿನ ನಾನು ಬಾಡಿನ ತಪ್ಪಾಗಿ ದೂರ್ತಾ ಇದ್ದೆ ಅಂತ ಅರ್ಥ ಆಯ್ತು. ಅವತ್ತಿಂದ ಯಾರಾದ್ರೂ ಈ ಪ್ರಶ್ನೆ ಕೇಳಿದ್ರೆ ನಾನು ಮೊದಲು ಕೇಳೋದು ಒಂದೇ, ನಿಮ್ಮ ಹಾಳಾದ ಫೋಟೋಗಳು ಎಲ್ಲಿವೆ ಅಂತ.

ಡಿಲೀಟ್ ಮಾಡ್ಬೇಡಿ ಅವನ್ನ, ದಯವಿಟ್ಟು. ಚೆನ್ನಾಗಿ ಬಂದ ಫೋಟೋ ನಿಮ್ಮ ಕ್ಯಾಮೆರಾಗೆ ಏನು ಸಾಧ್ಯ ಅಂತ ಮಾತ್ರ ಹೇಳುತ್ತೆ, ಎಲ್ಲಿ ಕೈ ಕೊಡ್ತಿದೆ ಅಂತ ಹೇಳೋದು ಹಾಳಾದ ಫೋಟೋನೇ. ಒಂದು ನೂರು ಇನ್ನೂರು ಫೋಟೋ ಒಂದು ಫೋಲ್ಡರಿಗೆ ಹಾಕ್ಕೊಂಡು, ದೊಡ್ಡ ಸ್ಕ್ರೀನಲ್ಲಿ ನೂರು ಪರ್ಸೆಂಟ್ ಜೂಮ್ ಮಾಡಿ, ಒಂದೊಂದಕ್ಕೂ ಯಾಕೆ ಹಾಳಾಯ್ತು ಅಂತ ಒಂದು ಪದದಲ್ಲಿ ಬರ್ಕೊಳ್ಳಿ. ಒಂದು ಭಾನುವಾರ ಮಧ್ಯಾಹ್ನದ ಕೆಲಸ, ಅಷ್ಟೇ.

ಇಲ್ಲಿ ಸ್ವಲ್ಪ ನಿಧಾನ ಆಗೋಣ, ಯಾಕಂದ್ರೆ ಬಹಳ ಜನ ಎಡವೋದು ಇಲ್ಲೇ. ಬ್ಲರ್ ಆಗಿದೆ ಅಂತ ಎಲ್ಲದಕ್ಕೂ ಒಂದೇ ಹೆಸರು ಕೊಟ್ಟುಬಿಡ್ತೀವಿ, ಆದ್ರೆ ಬ್ಲರಲ್ಲಿ ಕಮ್ಮಿ ಅಂದ್ರೂ ನಾಲ್ಕು ಥರ ಇದೆ, ನಾಲ್ಕಕ್ಕೂ ಮದ್ದು ಬೇರೆ ಬೇರೆ. ಇಡೀ ಫೋಟೋ, ಗೋಡೆ ಕಿಟಕಿ ಮುಖ ಎಲ್ಲಾ, ಒಂದೇ ದಿಕ್ಕಿಗೆ ಎಳೆದ ಹಾಗೆ ಇದ್ರೆ ಅಲುಗಾಡಿದ್ದು ನಿಮ್ಮ ಕೈ. ಗೋಡೆ ಗಡಿಯಾರ ಎಲ್ಲಾ ಚೂಪಾಗಿದ್ದು ಮಗುವಿನ ಕೈ ಮುಖ ಮಾತ್ರ ಎಳೆದಿದ್ರೆ ಅಲುಗಾಡಿದ್ದು ಮಗು, ಅಂದ್ರೆ ಶಟರ್ ಸ್ಪೀಡ್ (ಶಟರ್ ತೆರೆದು ಮುಚ್ಚೋ ವೇಗ) ಸಾಕಾಗಿಲ್ಲ. ಎಲ್ಲೂ ಎಳೆದ ಗುರುತಿಲ್ಲ, ಆದ್ರೆ ಕಣ್ಣಿನ ಬದಲು ಕಿವಿ ಚೂಪಾಗಿದೆ, ಇಲ್ಲ ಹಿಂದಿನ ಪರದೆ ಚೂಪಾಗಿದೆ ಅಂದ್ರೆ ಫೋಕಸ್ ತಪ್ಪಿದೆ. ಫೋಟೋದಲ್ಲಿ ಯಾವ ಭಾಗಾನೂ ಚೂಪಾಗಿಲ್ಲ, ಎಳೆದ ಗುರುತೂ ಇಲ್ಲ, ಎಲ್ಲಾ ಒಂಥರಾ ಮಂಜು ಮಂಜು ಅಂದ್ರೆ ಆಗ ಮಾತ್ರ ಲೆನ್ಸ್ ಗಾಜಿನ ಮೇಲೆ ಅನುಮಾನ ಪಡಬಹುದು, ಅದೂ ಮುಂದಿನ ಗಾಜು ಒರೆಸಿ, ಅಗ್ಗದ ಫಿಲ್ಟರ್ ಇದ್ರೆ ಬಿಚ್ಚಿ, ಟಾರ್ಚ್ ಬೆಳಕು ಹಾಯ್ಸಿ ಒಳಗೆ ಫಂಗಸ್ ಇದೆಯಾ ನೋಡಿದ ಮೇಲೆ.

ಲೆನ್ಸ್ ನಿಜವಾಗ್ಲೂ ಮಂಕಾ ಅಂತ ತಿಳ್ಕೊಳ್ಳೋಕೆ ಒಂದು ಸುಲಭ ಪರೀಕ್ಷೆ ಇದೆ. ಅಕ್ಷರ ತುಂಬಿರೋ ಒಂದು ಹಾಳೆಯನ್ನ ಗೋಡೆಗೆ ಅಂಟಿಸಿ, ಕ್ಯಾಮೆರಾನ ಟ್ರೈಪಾಡ್ ಮೇಲೆ ಇಡಿ, ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸಂಖ್ಯೆ, ಏರಿಸಿದಷ್ಟೂ ನಾಯ್ಸ್ ಜಾಸ್ತಿ), ಎಫ್/8, ಸೆಲ್ಫ್ ಟೈಮರ್ 2 ಸೆಕೆಂಡ್, ಟ್ರೈಪಾಡ್ ಮೇಲಿರೋದ್ರಿಂದ ಸ್ಟೆಬಿಲೈಸೇಷನ್ (ಕೈ ನಡುಕ ತಡೆಯೋ ವ್ಯವಸ್ಥೆ) ಆಫ್ ಮಾಡಿ, ಲೈವ್ ವ್ಯೂನಲ್ಲಿ, ಅಂದ್ರೆ ಹಿಂದಿನ ಸ್ಕ್ರೀನಲ್ಲಿ, ದೊಡ್ಡದು ಮಾಡ್ಕೊಂಡು ಕೈಯಲ್ಲೇ ಫೋಕಸ್ ತಿರುಗಿಸಿ ತೆಗೀರಿ. ಬಹಳಷ್ಟು ಜನಕ್ಕೆ ಆ ಫೋಟೋ ನೋಡಿ ಆಶ್ಚರ್ಯ ಆಗುತ್ತೆ, ಯಾಕಂದ್ರೆ ತಾವು ಬೈತಾ ಇದ್ದ ಕಿಟ್ ಲೆನ್ಸೇ ಕೂದಲೆಳೆಯಷ್ಟು ಚೂಪಾಗಿ ತೆಗೆದಿರುತ್ತೆ. ಇತ್ತೀಚಿನ 18-55 ಲೆನ್ಸ್‌ಗಳು ಎಫ್/8ರಲ್ಲಿ ಕೆಟ್ಟವೇನಲ್ಲ. ಅಂದ್ರೆ ಅದರ ತೊಂದರೆ ಚೂಪಿನದ್ದಲ್ಲ, ಬೆಳಕಿನದ್ದು.

ಈಗ ಬೆಳಕಿನ ಲೆಕ್ಕ ನೋಡೋಣ, ಈ ಒಂದು ಲೆಕ್ಕ ಅರ್ಥ ಆದ್ರೆ ಅರ್ಧ ಗೊಂದಲ ಕಳೀತು ಅಂತಾನೇ ಅನ್ಕೊಳ್ಳಿ. ಕಿಟ್ ಲೆನ್ಸ್ ಮೇಲೆ ಬರೆದಿರೋ 3.5-5.6 ಅಂದ್ರೆ 18 ಎಂಎಂ ತುದೀಲಿ (ಅಗಲ ನೋಟದ ಕಡೆ) ಅಪರ್ಚರ್, ಅಂದ್ರೆ ಬೆಳಕು ಒಳಗೆ ಬರೋ ಕಿಂಡಿ, ಎಫ್/3.5ರ ತನಕ ತೆಗೆಯುತ್ತೆ, 55ರ ಕಡೆ ಜೂಮ್ ಮಾಡ್ತಾ ಹೋದ ಹಾಗೆ ಅದು ಕಿರಿದಾಗಿ 5.6ಕ್ಕೆ ನಿಲ್ಲುತ್ತೆ. ಸಂಖ್ಯೆ ದೊಡ್ಡದಾದಷ್ಟೂ ಬೆಳಕಿನ ಬಾಗಿಲು ಚಿಕ್ಕದು. ಎಫ್/5.6ರಿಂದ ಎಫ್/2.8ಕ್ಕೆ ಬಂದ್ರೆ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಯಾಕಂದ್ರೆ ಬಾಗಿಲಿನ ಅಗಲ ಎರಡು ಪಟ್ಟಾದ್ರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತೆ. ಇನ್ನೂ ಮುಂದಕ್ಕೆ ಎಫ್/1.8ಕ್ಕೆ ಬಂದ್ರೆ ಹತ್ತಿರ ಹತ್ತಿರ ಹತ್ತು ಪಟ್ಟು. ಅಂದ್ರೆ ಮನೆ ಒಳಗೆ ಕಿಟ್ ಲೆನ್ಸಲ್ಲಿ 50 ಎಂಎಂ, ಎಫ್/5.6, ಶಟರ್ 1/125, ಐಎಸ್‌ಒ 6400 ಇಟ್ಟು ತೆಗೀತಿದ್ದ ಫೋಟೋನ 50 ಎಂಎಂ ಎಫ್/1.8 ಲೆನ್ಸಲ್ಲಿ ಅದೇ ಶಟರಿಗೆ ಐಎಸ್‌ಒ 640ರಲ್ಲಿ ತೆಗೆಯಬಹುದು, ಇಲ್ಲಾಂದ್ರೆ ಶಟರನ್ನ 1/250ಕ್ಕೆ ಏರ್ಸಿ ಮಗು ತಲೆ ತಿರುಗಿಸಿದ್ರೂ ಎಳೆಯದ ಹಾಗೆ ಮಾಡ್ಕೊಂಡು ಐಎಸ್‌ಒನ 1250ರ ಆಸುಪಾಸಲ್ಲಿ ಇಟ್ಕೋಬಹುದು. ನಾಯ್ಸೂ ಕಮ್ಮಿ, ಎಳೆತಾನೂ ಕಮ್ಮಿ, ಎರಡೂ ಒಟ್ಟಿಗೆ.

ಇದೇ ಕೆಲಸನ ಬಾಡಿ ಬದಲಾಯಿಸಿ ಮಾಡೋಕೆ ಹೋದ್ರೆ ಏನಾಗುತ್ತೆ ನೋಡಿ. 18-55 ಜೊತೆ ಬರೋ ಬಾಡಿಗಳಲ್ಲಿ ಸಾಮಾನ್ಯವಾಗಿ ಇರೋ ಎಪಿಎಸ್-ಸಿ ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಸುಮಾರು 23.5 ಗುಣಿಸು 15.6 ಎಂಎಂ, ಕ್ಯಾನನ್ನಲ್ಲಿ ಇನ್ನೂ ಸ್ವಲ್ಪ ಚಿಕ್ಕದು, ಫುಲ್ ಫ್ರೇಮ್ ಅನ್ನೋ ದೊಡ್ಡ ಅಳತೆಯದ್ದು 36 ಗುಣಿಸು 24. ವಿಸ್ತೀರ್ಣದ ಲೆಕ್ಕದಲ್ಲಿ 2.3 ಪಟ್ಟು ದೊಡ್ಡದು. ಒಂದೇ ಕಾಲದ ಎರಡು ಸೆನ್ಸರ್ ಹೋಲಿಸಿದ್ರೆ ಫುಲ್ ಫ್ರೇಮಲ್ಲಿ ಸಿಗೋ ಲಾಭ ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು) ಸ್ವಲ್ಪ ಜಾಸ್ತಿ, ಅಂದ್ರೆ ಫುಲ್ ಫ್ರೇಮಿನ ಐಎಸ್‌ಒ 6400 ನಿಮ್ಮ ಹಳೇ ಬಾಡಿಯ 2800ರ ಥರ ಕಾಣುತ್ತೆ. ಒಳ್ಳೇದೇ, ಆದ್ರೆ ಎಫ್/1.8 ಲೆನ್ಸ್ ಕೊಟ್ಟಿದ್ದು ಮೂರು ಸ್ಟಾಪಿಗಿಂತ ಜಾಸ್ತಿ. ಅದೂ ಅಲ್ದೆ ಫುಲ್ ಫ್ರೇಮಿಗೆ ಹೋದ್ರೆ ನಿಮ್ಮ 50 ಎಂಎಂ ನೋಟ ಅಗಲ ಆಗಿಬಿಡುತ್ತೆ, ಮೊದಲಿನ ಹಾಗೇ ಕಾಣ್ಬೇಕಂದ್ರೆ 75 ಎಂಎಂ ಹತ್ತಿರದ್ದು ಬೇಕು, ಮತ್ತೆ ಲೆನ್ಸಿಗೆ ದುಡ್ಡು. ಇನ್ನು ಎಪಿಎಸ್-ಸಿಯಲ್ಲೇ ಹೊಸ ಮಾಡೆಲ್ ತಗೊಂಡ್ರೆ ಹತ್ತು ವರ್ಷದ ಈಚೆಗಿನ ಸೆನ್ಸರ್‌ಗಳ ಮಧ್ಯೆ ನಾಯ್ಸಿನ ವಿಷಯದಲ್ಲಿ ಆಕಾಶ ಭೂಮಿಯ ವ್ಯತ್ಯಾಸ ಏನಿಲ್ಲ. ನಾನು ಮಾಡಿದ ತಪ್ಪು ಇದೇ.

ಹಾಗಂತ ಎಫ್/1.8 ಹಾಕಿದ ಕೂಡ್ಲೆ ಎಲ್ಲಾ ಸರಿ ಹೋಗುತ್ತೆ ಅನ್ನೋಕಾಗಲ್ಲ, ಬಾಡಿ ವಿಷಯ ಇಲ್ಲಿ ಹಿಂದಿನ ಬಾಗಿಲಿಂದ ಒಳಗೆ ಬರುತ್ತೆ. ಅಪರ್ಚರ್ ತೆಗೆದಷ್ಟೂ ಫೋಕಸಲ್ಲಿರೋ ಆಳ ತೆಳ್ಳಗಾಗುತ್ತೆ. ಎಪಿಎಸ್-ಸಿಯಲ್ಲಿ 50 ಎಂಎಂ ಎಫ್/1.8 ಇಟ್ಟು ಒಂದೂವರೆ ಮೀಟರ್ ದೂರದಲ್ಲಿರೋ ಮುಖ ತೆಗೆದ್ರೆ ಚೂಪಾಗಿರೋ ಆಳ ಸುಮಾರು 6 ಸೆಂಟಿಮೀಟರ್, ಒಂದು ಮೀಟರಿಗೆ ಹತ್ತಿರ ಬಂದ್ರೆ 3 ಸೆಂಟಿಮೀಟರೂ ಇರಲ್ಲ, ಅಂದ್ರೆ ಕಣ್ಣು ಚೂಪು, ಕಿವಿ ಮಸುಕು. ಕೂತಿರೋರಿಗೆ ಪರವಾಗಿಲ್ಲ. ಓಡಿ ಬರೋ ಮಗುವಿನ ಕಣ್ಣಿನ ಮೇಲೆ ಆ ತೆಳ್ಳನೆ ಪದರನ ಹಿಡಿದು ಕೂರಿಸೋದು ಹಳೇ ಬಾಡಿಗೆ ಸುಲಭದ ಮಾತಲ್ಲ. ಒಳಗೆ ಕನ್ನಡಿ ಇರೋ ಹಳೇ ಥರದ ಬಹಳಷ್ಟು ಎಂಟ್ರಿ ಲೆವೆಲ್ ಡಿಎಸ್‌ಎಲ್‌ಆರ್‌ಗಳಲ್ಲಿ ಇದ್ದಿದ್ದೇ 9 ಇಲ್ಲ 11 ಫೋಕಸ್ ಪಾಯಿಂಟು, ಅವೂ ನಡುವಲ್ಲಿ ಗುಂಪಾಗಿರ್ತಿದ್ವು, ಫೋಕಸ್ ನೋಡೋ ಸೆನ್ಸರ್ ಬೇರೆ, ಫೋಟೋ ತೆಗೆಯೋ ಸೆನ್ಸರ್ ಬೇರೆ, ಎರಡರ ಮಧ್ಯೆ ಕೂದಲೆಳೆಯಷ್ಟು ಹೊಂದಾಣಿಕೆ ತಪ್ಪಿದ್ರೆ ಎಫ್/5.6ರಲ್ಲಿ ಗೊತ್ತೇ ಆಗದ ದೋಷ ಎಫ್/1.8ರಲ್ಲಿ ಎದ್ದು ಕಾಣುತ್ತೆ. ಕನ್ನಡಿನೇ ಇಲ್ಲದ ಮಿರರ್‌ಲೆಸ್‌ನಲ್ಲಿ ಫೋಕಸ್ ನೋಡೋದೂ ಫೋಟೋ ತೆಗೆಯೋ ಸೆನ್ಸರೇ, ಅದಕ್ಕೆ ಈ ಹೊಂದಾಣಿಕೆಯ ಗೋಳೇ ಇಲ್ಲ, ಪಾಯಿಂಟುಗಳು ಫ್ರೇಮಿನ ಅಂಚಿನ ತನಕ ಹರಡಿರ್ತವೆ, ಈಗಿನ ಬಾಡಿಗಳು ಕಣ್ಣನ್ನ ತಾನೇ ಹುಡುಕಿ ಬೆನ್ನು ಹತ್ತುತ್ವೆ.

ಆದ್ದರಿಂದ ನಿಮ್ಮ ಫೋಲ್ಡರಲ್ಲಿ ಕಿವಿ ಚೂಪು, ಕಣ್ಣು ಮಸುಕು ಅನ್ನೋ ಥರದ್ದೇ ರಾಶಿ ಬಿದ್ದಿದ್ರೆ, ಶಟರ್ ಸ್ಪೀಡ್ ಎಲ್ಲಾ ಸರಿ ಇದ್ದು ಫೋಕಸ್ ಮಾತ್ರ ಮತ್ತೆ ಮತ್ತೆ ತಪ್ಪಿದ್ರೆ, ಅದೂ ಅಲುಗಾಡೋ ವಿಷಯಗಳಲ್ಲಿ ತಪ್ಪಿದ್ರೆ, ಲೆನ್ಸ್ ಮೊದ್ಲು ಅನ್ನೋ ಮಾತನ್ನ ನಾನು ಹಿಂದಕ್ಕೆ ತಗೋತೀನಿ. ನಿಮಗೆ ಬೇಕಾಗಿರೋದು ಬಾಡಿ. ಇನ್ನೂ ಚೂಪಾದ ದುಬಾರಿ ಲೆನ್ಸ್ ತಂದ್ರೆ ಅದು ಹಿಂದಿನ ಪರದೆಯನ್ನ ಇನ್ನಷ್ಟು ಚೂಪಾಗಿ ತೆಗೆಯುತ್ತೆ ಅಷ್ಟೇ. ತಗೊಳ್ಳೋ ಮುಂಚೆ ಮಾತ್ರ ಒಂದು ನೋಡ್ಕೊಳ್ಳಿ, ನೀವು ಕಂಟಿನ್ಯುಯಸ್ ಫೋಕಸ್ ಮೋಡಲ್ಲೇ (ಬಟನ್ ಒತ್ತಿರೋ ತನಕ ಫೋಕಸ್ ಬದಲಾಗ್ತಾ ಇರೋದು) ಇದ್ರಾ? ಓಡೋ ಮಗುವನ್ನ ಸಿಂಗಲ್ ಫೋಕಸಲ್ಲಿ ತೆಗೀತಾ ಕ್ಯಾಮೆರಾನ ಬೈದವರು ಎಷ್ಟೋ ಜನ. ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ನಡುವಿನ ಪಾಯಿಂಟೇ ಹೆಚ್ಚು ಚುರುಕು, ಅದೊಂದನ್ನೇ ಇಟ್ಕೊಂಡು, ಕಂಟಿನ್ಯುಯಸ್ ಮೋಡಲ್ಲಿ, ಎಫ್/2.8ರಲ್ಲಿ ಒಂದು ವಾರ ತೆಗೆದು ನೋಡಿ. ಆಮೇಲೂ ತಪ್ತಾ ಇದ್ರೆ ಆಗ ಬಾಡಿ.

ಕ್ಯಾಮೆರಾ ಕೊಳ್ಳೋರು ಜಾಸ್ತಿ ನೋಡೋದು ಮೆಗಾಪಿಕ್ಸೆಲ್, ನನ್ನ ಪ್ರಕಾರ ಕಡಿಮೆ ತಲೆ ಕೆಡಿಸ್ಕೋಬೇಕಾಗಿರೋದೂ ಅದಕ್ಕೇನೇ. 24 ಮೆಗಾಪಿಕ್ಸೆಲ್ ಅಂದ್ರೆ 6000 ಗುಣಿಸು 4000 ಚುಕ್ಕೆ. ಅದರಿಂದ 45ಕ್ಕೆ ಹೋದ್ರೆ ಸಂಖ್ಯೆ ಹತ್ತಿರ ಹತ್ತಿರ ಎರಡು ಪಟ್ಟು, ಆದ್ರೆ ಉದ್ದಕ್ಕೆ ಸಿಗೋ ಚುಕ್ಕೆ 8256ರ ಆಸುಪಾಸು, ಅಂದ್ರೆ ಒಂದೂ ಮುಕ್ಕಾಲು ಪಟ್ಟೂ ಅಲ್ಲ, 1.4 ಪಟ್ಟು. 4ಕೆ ಟಿವಿ ತೋರ್ಸೋದು 8.3 ಮೆಗಾಪಿಕ್ಸೆಲ್. ಎ4 ಹಾಳೆಯಲ್ಲಿ ಇಂಚಿಗೆ 300 ಚುಕ್ಕೆ ಇಟ್ಟು ಪ್ರಿಂಟ್ ಹಾಕ್ಸಿದ್ರೆ ಬೇಕಾಗೋದು ಸುಮಾರು 8.7. ಗೋಡೆ ತುಂಬೋ ಪ್ರಿಂಟ್ ಮಾಡ್ಸೋರು, ಜಾಸ್ತಿ ಕ್ರಾಪ್ ಮಾಡೋರು (ಫೋಟೋದ ಸುತ್ತ ಕತ್ತರಿಸಿ ಬೇಕಾದ ಭಾಗ ಮಾತ್ರ ಇಟ್ಕೊಳ್ಳೋರು) ಬಿಟ್ರೆ ಉಳಿದವರಿಗೆ 20, 24 ಧಾರಾಳ ಸಾಕು.

ಕ್ರಾಪ್ ಅಂದ್ನಲ್ಲ, ಅಲ್ಲಿಗೆ ಹಕ್ಕಿ ಫೋಟೋ ತೆಗೆಯೋರ ವಿಷಯ ಬಂತು, ಇದು ಸ್ವಲ್ಪ ಬೇರೆ ಲೋಕ. ಇವರ ಫೋಲ್ಡರಲ್ಲಿ ಇರೋ ದೋಷ ಬಹಳ ಸಲ ಒಂದೇ, ಹಕ್ಕಿ ಚುಕ್ಕೆಯಷ್ಟಿದೆ. 300 ಎಂಎಂ ಲೆನ್ಸಲ್ಲಿ ತೆಗೆದ 24 ಮೆಗಾಪಿಕ್ಸೆಲ್ ಫೋಟೋನ 600ರಲ್ಲಿ ತೆಗೆದಷ್ಟು ಹತ್ತಿರ ಕಾಣೋ ಹಾಗೆ ಕ್ರಾಪ್ ಮಾಡಿದ್ರೆ ಉಳಿಯೋದು ಬರೀ 6 ಮೆಗಾಪಿಕ್ಸೆಲ್. ಈ ನಷ್ಟನ ಬಾಡಿಯಿಂದಲೇ ತುಂಬ್ಬೇಕು ಅಂದ್ರೆ 96 ಮೆಗಾಪಿಕ್ಸೆಲ್ ಸೆನ್ಸರ್ ಬೇಕು. ಹಾಗಾಗಿ ಹಕ್ಕಿ ಚಿಕ್ಕದು ಅನ್ನೋದಕ್ಕೆ ಮದ್ದು ಉದ್ದ ಲೆನ್ಸು, ಇಲ್ಲ ಹಕ್ಕಿ ಹತ್ತಿರ ಹೋಗೋದನ್ನ ಕಲಿಯೋದು, ಎರಡನೇದು ನಿಧಾನ ಆದ್ರೂ ಅದರಷ್ಟು ಫಲ ಕೊಡೋದು ಇನ್ನೊಂದಿಲ್ಲ. ಇಲ್ಲಿ ಬಹಳ ಜನಕ್ಕೆ ಹೊಳೆಯದ ಒಂದು ವಿಷಯ ಇದೆ. ಎಪಿಎಸ್-ಸಿಯ 24 ಮೆಗಾಪಿಕ್ಸೆಲ್ ಬಿಟ್ಟು ಫುಲ್ ಫ್ರೇಮಿನ 24 ಮೆಗಾಪಿಕ್ಸೆಲ್ಲಿಗೆ ಹೋದ್ರೆ, ಅದೇ ಲೆನ್ಸಲ್ಲಿ, ಹಕ್ಕಿಯ ಮೇಲೆ ಬೀಳೋ ಚುಕ್ಕೆಗಳು ಅರ್ಧಕ್ಕಿಂತ ಕಮ್ಮಿ ಆಗ್ತವೆ! ದುಬಾರಿ ಬಾಡಿ ತಂದು ಹಕ್ಕಿ ಇನ್ನೂ ಚಿಕ್ಕದಾಯ್ತು ಅಂತ ಬೇಜಾರು ಮಾಡ್ಕೊಂಡವರನ್ನ ನಾನು ನೋಡಿದೀನಿ. 2016ರ ನಿಕಾನ್ ಡಿ500, 2022ರ ಕ್ಯಾನನ್ ಆರ್7 ಥರದ ಎಪಿಎಸ್-ಸಿ ಬಾಡಿಗಳನ್ನ ಹಕ್ಕಿ ತೆಗೆಯೋರು ಇಷ್ಟಪಟ್ಟಿದ್ದು ಸುಮ್ನೆ ಅಲ್ಲ. ಟೆಲಿಕನ್ವರ್ಟರ್ (ಲೆನ್ಸಿಗೂ ಬಾಡಿಗೂ ಮಧ್ಯೆ ಕೂರೋ ದೊಡ್ಡದು ಮಾಡೋ ಗಾಜು) ಹಾಕಿ ಉದ್ದ ಮಾಡ್ಕೋಬಹುದು, ಆದ್ರೆ 1.4 ಹಾಕಿದ್ರೆ ಒಂದು ಸ್ಟಾಪ್, 2 ಹಾಕಿದ್ರೆ ಎರಡು ಸ್ಟಾಪ್ ಬೆಳಕು ಹೋಗುತ್ತೆ, ಎಫ್/6.3 ಜೂಮಿಗೆ ಹಾಕಿದ್ರೆ ಎಷ್ಟೋ ಡಿಎಸ್‌ಎಲ್‌ಆರ್‌ಗಳು ಫೋಕಸ್ಸೇ ಮಾಡಲ್ಲ. ಹಾರೋ ಹಕ್ಕಿ ಮಾತ್ರ ಮತ್ತೆ ಬಾಡಿ ಕಡೆಗೇ ವಾಲುತ್ತೆ, ಬೆನ್ನು ಹತ್ತೋ ಫೋಕಸ್, ಸೆಕೆಂಡಿಗೆ ಎಷ್ಟು ಫ್ರೇಮ್, ಬಫರ್ (ಕಾರ್ಡಿಗೆ ಹೋಗೋ ಮುಂಚೆ ಫೋಟೋ ನಿಲ್ಲೋ ಒಳಗಿನ ಮೆಮೊರಿ) ಎಷ್ಟು ಬೇಗ ತುಂಬುತ್ತೆ ಅನ್ನೋದೆಲ್ಲಾ ಅದರ ಕೈಯಲ್ಲೇ ಇದೆ. ಟಕ ಟಕ ಅಂತ ಹೊಡೆದು ಮುಖ್ಯ ಕ್ಷಣಕ್ಕೆ ಸರಿಯಾಗಿ ನಿಂತುಬಿಡುತ್ತೆ ಅಂದ್ರೆ ಮೊದಲು ವೇಗದ ಕಾರ್ಡ್ ಹಾಕಿ ನೋಡಿ.

ಲ್ಯಾಂಡ್‌ಸ್ಕೇಪ್ ತೆಗೆಯೋರಿಗೆ ಇದರ ಅರ್ಧ ತಲೆನೋವೂ ಇಲ್ಲ, ಟ್ರೈಪಾಡ್ ಇರುತ್ತೆ, ಐಎಸ್‌ಒ 100, ಎಫ್/8 ಇಲ್ಲ ಎಫ್/11. ಅವರಿಗೆ ಬೇಕಾಗೋದು ಅಗಲ ನೋಟ, ಅಂದ್ರೆ ಲೆನ್ಸು. ಎಫ್/16 ದಾಟಿದ್ರೆ ಡಿಫ್ರಾಕ್ಷನ್ (ಚಿಕ್ಕ ಕಿಂಡೀಲಿ ಹಾಯೋವಾಗ ಬೆಳಕು ಹರಡ್ಕೊಳ್ಳೋದು) ಎದ್ದು ಕಂಡು ಎಷ್ಟೇ ದುಬಾರಿ ಲೆನ್ಸಾದ್ರೂ ಮೃದು ಆಗುತ್ತೆ, ಅದಕ್ಕೆ ಲೆನ್ಸನ್ನ ದೂರ್ಬೇಡಿ. ನೆರಳನ್ನ ಎತ್ತಿದ್ರೆ ಗೆರೆ ಗೆರೆಯಾಗಿ ನಾಯ್ಸ್ ಬರ್ತಿದ್ರೆ, ಹಳೇ ಕೆಲವು ಬಾಡಿಗಳಲ್ಲಿ ಅದು ಇದ್ದಿದ್ದು ನಿಜ, ಅಲ್ಲಿ ಹೊಸ ಸೆನ್ಸರಿಂದ ಲಾಭ ಇದೆ.

ಫೋಕಲ್ ಲೆಂತ್, ಅಂದ್ರೆ ಲೆನ್ಸಿನ ಎಂಎಂ ಸಂಖ್ಯೆ, ಅದರ ವಿಷಯದಲ್ಲೂ ನಿಮ್ಮ ಹಳೇ ಫೋಟೋಗಳೇ ಸಾಕ್ಷಿ. ಪ್ರತಿ ಫೈಲ್ ಒಳಗೂ ಎಷ್ಟು ಎಂಎಂ, ಎಷ್ಟು ಅಪರ್ಚರ್, ಎಷ್ಟು ಐಎಸ್‌ಒ ಅಂತ ಬರೆದಿರುತ್ತೆ. ಲೈಟ್‌ರೂಮಲ್ಲಿ ಇಲ್ಲಾಂದ್ರೆ ಉಚಿತವಾಗಿ ಸಿಗೋ ಡಿಜಿಕ್ಯಾಮಲ್ಲಿ ಅದನ್ನ ಜರಡಿ ಹಿಡಿದು ನೋಡಬಹುದು. ನಿಮ್ಮ ಇಷ್ಟದ ಫೋಟೋ ಎಲ್ಲಾ 18 ಎಂಎಂ ತುದೀಲೇ ಇದ್ರೆ ನಿಮ್ಮ ಕಣ್ಣು ಇನ್ನೂ ಅಗಲ ಕೇಳ್ತಿದೆ, 55ರಲ್ಲೇ ಗುಡ್ಡೆ ಬಿದ್ದಿದ್ರೆ ಇನ್ನೂ ಉದ್ದ ಕೇಳ್ತಿದೆ. 28ರಿಂದ 40ರ ಮಧ್ಯೆ ಇದ್ರೆ ಎಪಿಎಸ್-ಸಿಗೆ ಒಂದು 35 ಎಂಎಂ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಹೊಂದಿಬಿಡುತ್ತೆ. ಅನುಮಾನ ಇದ್ರೆ ಜೂಮ್ ರಿಂಗಿಗೆ 35ರಲ್ಲಿ ಒಂದು ತುಂಡು ಟೇಪ್ ಅಂಟಿಸಿ ಒಂದು ವಾರ ಓಡಾಡಿ. ಉಸಿರು ಕಟ್ಟಿದ ಹಾಗಾದ್ರೆ ನಿಮಗೆ ಪ್ರೈಮ್ ಆಗಿಬರಲ್ಲ, ಎಫ್/2.8 ಜೂಮ್ ಕಡೆ ನೋಡಿ, ಮರೆತೇ ಹೋದ್ರೆ ಧೈರ್ಯವಾಗಿ ತಗೊಳ್ಳಿ.

ಸ್ಟೆಬಿಲೈಸೇಷನ್ ಬಗ್ಗೆ ಒಂದು ಮಾತು. ಬಾಡಿ ಒಳಗೇ ಸ್ಟೆಬಿಲೈಸೇಷನ್ ಇದ್ರೆ ಅದು ನಿಮ್ಮ ಕೈ ನಡುಕನ ತಡೆಯುತ್ತೆ, ಮಗುವಿನ ಓಟನ ತಡೆಯಲ್ಲ. ಕೈ ಅಲುಗಾಡಿದ ಫೋಟೋನೇ ಜಾಸ್ತಿ ಇದ್ದು, ತೆಗೆಯೋದು ಕಟ್ಟಡ, ಸಂಜೆ ಬೀದಿ, ಮ್ಯೂಸಿಯಂ ಒಳಗಿನ ಶಿಲ್ಪ ಅಂಥದ್ದಾದ್ರೆ ಅದು ಬಹಳ ಉಪಯೋಗ, ಹಾಕಿದ ಎಲ್ಲಾ ಲೆನ್ಸಿಗೂ ಕೆಲಸ ಮಾಡುತ್ತೆ. ಆಡೋ ಮಗು, ಸ್ಟೇಜ್ ಮೇಲಿನ ಡ್ಯಾನ್ಸ್ ಇದಕ್ಕೆಲ್ಲಾ ಅದನ್ನ ನಂಬಿ ಕೂರೋ ಹಾಗಿಲ್ಲ, ಅಲ್ಲಿ ಬೇಕಾಗಿರೋದು ಬೆಳಕು.

ನಾಯ್ಸ್ ಮಾತ್ರ ನಿಮ್ಮ ತೊಂದರೆ ಅಂದ್ರೆ ಕೊಳ್ಳೋ ಮುಂಚೆ ಇನ್ನೊಂದು ಮಾಡಿ. ಜೆಪೆಗ್ ಬಿಟ್ಟು ರಾ ಫೈಲಲ್ಲಿ (ಸೆನ್ಸರ್ ಹಿಡಿದಿದ್ದು ಹಾಗೇ ಇರೋ ಫೈಲು) ತೆಗೆದು ಈಗಿನ ಡಿನಾಯ್ಸ್ ಸಾಫ್ಟ್‌ವೇರ್ ಹಾಕಿ ನೋಡಿ. ಲೈಟ್‌ರೂಮಿಗೆ 2023ರ ಏಪ್ರಿಲಲ್ಲಿ ಎಐ ಆಧಾರದ ಡಿನಾಯ್ಸ್ ಬಂತು, ಡಿಎಕ್ಸ್‌ಒದವರದ್ದು ಅದಕ್ಕೂ ಮುಂಚೆಯೇ ಇತ್ತು. ನಾನು ಹತ್ತು ವರ್ಷ ಹಳೇ ರಾ ಫೈಲುಗಳನ್ನ ತೆಗೆದು ಅದರಲ್ಲಿ ಹಾಕಿದಾಗ ಕೈಬಿಟ್ಟಿದ್ದ ಎಷ್ಟೋ ಫೋಟೋ ವಾಪಸ್ ಬಂದ್ವು, ಒಂದು ಬಾಡಿ ಅಪ್‌ಗ್ರೇಡಿನ ಲಾಭ ಅಲ್ಲೇ ಸಿಕ್ಕಿದ ಹಾಗಾಯ್ತು. ಎಳೆದ ಫೋಟೋನ, ಫೋಕಸ್ ತಪ್ಪಿದ ಫೋಟೋನ ಅದು ಬದುಕಿಸಲ್ಲ, ನೆನಪಿರಲಿ. ಬೆಳಕೇ ಚಪ್ಪಟೆಯಾಗಿರೋ ಫೋಟೋಗಳಿಗೆ ಬಾಡಿನೂ ಬೇಡ, ಲೆನ್ಸೂ ಬೇಡ, ತಲೆಯನ್ನ ಮೇಲಕ್ಕೆ ತಿರುಗಿಸೋಕೆ ಬರೋ ಒಂದು ಫ್ಲ್ಯಾಶ್ ತಗೊಂಡು ಬೆಳಕನ್ನ ಬಿಳಿ ಸೀಲಿಂಗಿಗೆ ಹೊಡೆದು ನೋಡಿ.

ಇಷ್ಟೆಲ್ಲಾ ಆದ್ಮೇಲೆ ಲೆನ್ಸೇ ಬೇಕು ಅಂತ ತೀರ್ಮಾನ ಆಯ್ತು ಅನ್ಕೊಳ್ಳಿ, ಆದ್ರೂ ಒಂದು ವಿಷಯ ಬಾಕಿ ಇದೆ, ಮೌಂಟು, ಅಂದ್ರೆ ಲೆನ್ಸ್ ಬಾಡಿಗೆ ಕೂರೋ ಜಾಗದ ವಿನ್ಯಾಸ. ಲೆನ್ಸ್ ಬಾಡಿಗಿಂತ ಜಾಸ್ತಿ ಬಾಳುತ್ತೆ, ಮರುಮಾರಾಟದಲ್ಲೂ ಬೆಲೆ ನಿಧಾನವಾಗಿ ಇಳಿಯುತ್ತೆ ಅಂತಾರಲ್ಲ, ಅದು ನಿಜ ಆಗೋದು ಆ ಲೆನ್ಸನ್ನ ಕೂರಿಸೋ ಬಾಡಿ ಮುಂದೆಯೂ ಇದ್ರೆ. ನಿಕಾನಿನ ಎಫ್ ಮೌಂಟ್ ಬಂದಿದ್ದು 1959ರಲ್ಲಿ, ಕ್ಯಾನನ್ನಿನ ಇಎಫ್ 1987ರಲ್ಲಿ. 2018ರಲ್ಲಿ ಇಬ್ಬರೂ ಮಿರರ್‌ಲೆಸ್‌ಗೆ ಅಂತ ಹೊಸ ಮೌಂಟ್ ತಂದ್ರು, ನಿಕಾನ್ ಝಡ್, ಕ್ಯಾನನ್ ಆರ್‌ಎಫ್. ಹೊಸ ಲೆನ್ಸ್‌ಗಳೆಲ್ಲಾ ಈಗ ಆ ಕಡೆಗೇ ಬರ್ತಿವೆ. ಹಳೇ ಲೆನ್ಸನ್ನ ಅಡಾಪ್ಟರ್ ಹಾಕಿ ಹೊಸ ಬಾಡಿಗೆ ಕೂರಿಸಬಹುದು, ಹೊಸ ಲೆನ್ಸನ್ನ ಹಳೇ ಬಾಡಿಗೆ ಹಾಕೋಕಾಗಲ್ಲ. ಕಾರಣ ಸರಳ, ಡಿಎಸ್‌ಎಲ್‌ಆರ್ ಒಳಗೆ ಕನ್ನಡಿಗೆ ಜಾಗ ಬೇಕಿತ್ತು, ಅದಕ್ಕೆ ಇಎಫ್ ಮೌಂಟಲ್ಲಿ ಲೆನ್ಸ್ ಕೂರೋ ಜಾಗದಿಂದ ಸೆನ್ಸರಿಗೆ 44 ಎಂಎಂ ದೂರ, ಆರ್‌ಎಫ್‌ನಲ್ಲಿ ಬರೀ 20. ಆ 24 ಎಂಎಂ ಖಾಲಿ ಜಾಗದಲ್ಲಿ ಅಡಾಪ್ಟರ್ ಕೂರುತ್ತೆ, ಉಲ್ಟಾ ಮಾಡೋಕೆ ಜಾಗನೇ ಇಲ್ಲ. ಕ್ಯಾನನ್ ಇಎಫ್ ಲೆನ್ಸು ಅಡಾಪ್ಟರಲ್ಲಿ ಆಟೋಫೋಕಸ್ ಸಮೇತ ಚೆನ್ನಾಗಿ ಕೆಲಸ ಮಾಡುತ್ತೆ. ನಿಕಾನಲ್ಲಿ ಒಂದು ಎಚ್ಚರ ಬೇಕು, ಎಎಫ್-ಎಸ್ ಲೆನ್ಸಾದ್ರೆ ಸರಿ, ಅದರೊಳಗೆ ಫೋಕಸ್ ತಿರುಗಿಸೋ ಮೋಟರ್ ಇದೆ, ಹಳೇ ಎಎಫ್-ಡಿ ಲೆನ್ಸಿಗೆ ಒಳಗೆ ಮೋಟರ್ ಇಲ್ಲ, ಮಾಮೂಲಿ ಎಫ್‌ಟಿಝಡ್ ಅಡಾಪ್ಟರಲ್ಲೂ ಇಲ್ಲ, ಹಾಗಾಗಿ ಆಟೋಫೋಕಸ್ ಆಗಲ್ಲ. ಡಿ3000, ಡಿ5000 ಸಾಲಿನ ಡಿಎಸ್‌ಎಲ್‌ಆರ್‌ಗಳಲ್ಲೂ ಅದೇ ಕಥೆ. ಯಾರೋ ಮನೇಲಿ ಬಿಟ್ಟುಹೋದ ಒಳ್ಳೊಳ್ಳೆ ಎಎಫ್-ಡಿ ಲೆನ್ಸ್ ನಿಮ್ಮ ಹತ್ರ ಇದ್ರೆ ಮೋಟರ್ ಇರೋ ಡಿ7000 ಸಾಲಿನ ಹಳೇ ಬಾಡಿ ಒಂದು ತಗೊಂಡ್ರೆ ಆ ಎಲ್ಲಾ ಲೆನ್ಸಿಗೂ ಒಂದೇ ಏಟಿಗೆ ಜೀವ ಬರುತ್ತೆ, ಬಾಡಿ ಕೊಂಡು ಲೆನ್ಸ್ ಪಡೆದ ಹಾಗೆ.

ಮುಂದೆ ಫುಲ್ ಫ್ರೇಮಿಗೆ ಹೋಗೋ ಆಸೆ ಇರೋರು ಈಗ ಎಪಿಎಸ್-ಸಿಗೆ ಅಂತ್ಲೇ ಮಾಡಿರೋ ದುಬಾರಿ ಲೆನ್ಸ್ ತಗೊಳ್ಳೋಕೆ ಮುಂಚೆ ಎರಡು ಸಲ ಯೋಚಿಸಿ. ನಿಕಾನ್ ಡಿಎಕ್ಸ್ ಲೆನ್ಸನ್ನ ಫುಲ್ ಫ್ರೇಮಿಗೆ ಹಾಕಿದ್ರೆ ಬಾಡಿ ತಾನೇ ಕ್ರಾಪ್ ಮಾಡ್ಕೊಂಡು 24 ಮೆಗಾಪಿಕ್ಸೆಲ್ 10ರ ಹತ್ತಿರಕ್ಕೆ ಇಳಿಯುತ್ತೆ, ಕ್ಯಾನನ್ ಇಎಫ್-ಎಸ್ ಲೆನ್ಸಂತೂ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರೋದೇ ಇಲ್ಲ. ಆದ್ರೆ ಹೋಗ್ತೀನೋ ಇಲ್ವೋ ಗೊತ್ತಿಲ್ದೆ ಬರೀ ಆಸೆಗೆ ಅಂತ ಭಾರದ ಫುಲ್ ಫ್ರೇಮ್ ಲೆನ್ಸನ್ನ ವರ್ಷಗಟ್ಟಲೆ ಹೊರೋದೂ ಬೇಡ, ಇವತ್ತು ಕೈಯಲ್ಲಿರೋ ಬಾಡಿಗೆ ಹೊಂದೋದನ್ನೇ ತಗೊಳ್ಳಿ.

ದುಡ್ಡು ತಗೊಂಡು ಬೇರೆಯವರ ಸಮಾರಂಭ ತೆಗೆಯೋರಿಗೆ ಲೆಕ್ಕ ಬೇರೆ. ಅವರಿಗೆ ಎರಡು ಕಾರ್ಡ್ ಹಾಕೋ ಜಾಗ ಇರೋ ಬಾಡಿ ಶೋಕಿ ಅಲ್ಲ, ಮತ್ತೆ ನಡೆಯದ ಕ್ಷಣನ ಒಂದೇ ಕಾರ್ಡ್ ಮೇಲೆ ಬಿಡೋಕಾಗಲ್ಲ. ಶಟರ್ ಲಕ್ಷದ ಮೇಲೆ ಹೊಡೆದು ಸವೆದಿದ್ರೆ ಅದೂ ಒಂದು ಕಾರಣ. ವಿಡಿಯೋನೇ ಮುಖ್ಯ ಅನ್ನೋರಿಗೂ ಬಹಳ ಸಲ ಬಾಡಿನೇ ಮೊದಲು, ಹಳೇ ಡಿಎಸ್‌ಎಲ್‌ಆರ್ ವಿಡಿಯೋದಲ್ಲಿ ಫೋಕಸ್ ಹುಡುಕ್ತಾ ಹಿಂದೆ ಮುಂದೆ ಆಡೋದನ್ನ ಯಾವ ಲೆನ್ಸೂ ಪೂರ್ತಿ ನಿಲ್ಲಿಸಲ್ಲ.

ಯಾವುದನ್ನ ತಗೊಂಡ್ರೂ ಆದಷ್ಟು ಮೊದಲು ಎರಡು ದಿನ ಬಾಡಿಗೆಗೆ ತಂದು ನೋಡಿ, ಅದೂ ಹೊಸ ಜಾಗದಲ್ಲಿ ಅಲ್ಲ, ನಿಮ್ಮ ಹಾಳಾದ ಫೋಟೋ ತೆಗೆದ ಅದೇ ಕೋಣೆ, ಅದೇ ಹೊತ್ತು, ಅದೇ ಮಗು. ಫೋಲ್ಡರಲ್ಲಿ ಬರ್ಕೊಂಡಿದ್ದ ದೋಷ ಹೋಯ್ತಾ ಅಂತಷ್ಟೇ ನೋಡಿ, ಬಣ್ಣ ಚೆನ್ನಾಗಿದೆ, ಹಿಡಿಯೋಕೆ ಚೆನ್ನಾಗಿದೆ ಅನ್ನೋದೆಲ್ಲಾ ಆಮೇಲಿನ ಮಾತು. ತಗೊಂಡ್ಮೇಲೆ ವಾಪಸ್ ಕೊಡೋ ಗಡುವು ಮುಗಿಯೋ ಒಳಗೆ ಒಂದು ಇಟ್ಟಿಗೆ ಗೋಡೆ ಎದುರು ಕ್ಯಾಮೆರಾನ ನೇರ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆಗೆದು ಒಂದು, ಎಫ್/5.6ರಲ್ಲಿ ಒಂದು ತೆಗೆದು ನಾಲ್ಕೂ ಮೂಲೆ ಜೂಮ್ ಮಾಡಿ ನೋಡಿ. ನಾಲ್ಕೂ ಮೂಲೆ ಒಂದೇ ಥರ ಸ್ವಲ್ಪ ಮೃದುವಾಗಿದ್ರೆ ಅದು ಆ ಲೆನ್ಸಿನ ಗುಣ. ಒಂದು ಬದಿ ಚೂಪಾಗಿದ್ದು ಇನ್ನೊಂದು ಬದಿ ಮಾತ್ರ ಮಸುಕಾಗಿದ್ರೆ, ಕ್ಯಾಮೆರಾ ಓರೆ ಆಗಿರಲಿಲ್ಲ ಅಂತ ಇನ್ನೊಂದು ಸಲ ತೆಗೆದು ಖಚಿತ ಮಾಡ್ಕೊಂಡು, ಒಳಗಿನ ಗಾಜು ಸರಿಯಾಗಿ ಕೂತಿಲ್ಲ ಅಂತ ಬೇರೆ ಪೀಸ್ ಕೇಳಿ ಬದಲಾಯಿಸ್ಕೊಳ್ಳಿ.